ಭೂಸ್ವಾಧೀನದ ಪರಿಹಾರ ಕಡಿಮೆಯಾದಾಗ: ಕೋರ್ಟಿಗೆ ಹೋಗುವ ಮುನ್ನ ಮತ್ತು ಹೋದ ಮೇಲೆ ಮಾಡಬೇಕಾದ ಕೆಲಸ

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳಲ್ಲಿ ನಾಲೆಗೋ ರಸ್ತೆಗೋ ಕೈಗಾರಿಕಾ ಪ್ರದೇಶಕ್ಕೋ ಬಡಾವಣೆಗೋ ಜಮೀನು ಬಿಟ್ಟುಕೊಡದ ಹೋಬಳಿಯನ್ನು ಹುಡುಕುವುದು ಕಷ್ಟ. ಕೆ.ಆರ್.ಪೇಟೆ, ನಾಗಮಂಗಲದ ಕಡೆ ಹೇಮಾವತಿ ನಾಲೆಗೆ, ಮೈಸೂರಿನ ಸುತ್ತ ವರುಣಾ ನಾಲೆಗೆ, ತೂಬಿನಕೆರೆ, ಸೋಮನಹಳ್ಳಿ, ತಾಂಡ್ಯದಲ್ಲಿ ಕೈಗಾರಿಕೆಗೆ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹೊರವಲಯದಲ್ಲಿ ರಾಷ್ಟ್ರೀಯ ಹೆದ್ದಾರಿ 275ರ ಬೈಪಾಸ್‌ಗೆ ಜಮೀನು ಹೋಗಿದೆ. ಇಂಥ ಕಡೆಗಳಲ್ಲಿ ರೈತರು ಕೇಳುವ ಮೊದಲ ಪ್ರಶ್ನೆ, ಸರ್ಕಾರ ಗೊತ್ತುಮಾಡಿದ ದರವೇ ಕಡೆಯ ದರವೇ ಎಂಬುದು. ಅಲ್ಲ. ಭೂಸ್ವಾಧೀನಾಧಿಕಾರಿಯ ಐತೀರ್ಪು, ಅಂದರೆ ಪರಿಹಾರ ಗೊತ್ತುಮಾಡುವ ಆದೇಶ, ಕಾನೂನಿನ ದೃಷ್ಟಿಯಲ್ಲಿ ಸರ್ಕಾರ ಮುಂದಿಟ್ಟ ಒಂದು ದರ ಮಾತ್ರ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಹೆಚ್ಚು ಕೇಳುವವನೇ ಆ ಹೆಚ್ಚಿನ ದರವನ್ನು ಸಾಕ್ಷ್ಯದಿಂದ ಸಾಬೀತು ಮಾಡಬೇಕು. ಈ ಎರಡನೆಯ ಮಾತನ್ನು ಬಹಳ ಮಂದಿ ತಡವಾಗಿ ತಿಳಿಯುತ್ತಾರೆ, ಅಷ್ಟರಲ್ಲಿ ತೆಂಗಿನ ಮರ ಉರುಳಿರುತ್ತದೆ, ಬಾವಿ ಮುಚ್ಚಿರುತ್ತದೆ, ದಾಖಲೆ ಕೈಗೆ ಸಿಗುವ ಕಾಲ ಮೀರಿರುತ್ತದೆ. ಆದ್ದರಿಂದ ಕೋರ್ಟಿನ ಕೆಲಸ ಐತೀರ್ಪಿನ ನಂತರವಲ್ಲ, ಮೊದಲ ಅಧಿಸೂಚನೆಯ ದಿನವೇ ಶುರುವಾಗುತ್ತದೆ ಎಂದು ಭಾವಿಸಿ ಮುಂದಿನದನ್ನು ಓದಬೇಕು.

ಮೊದಲು ನೋಡಬೇಕಾದದ್ದು ಜಮೀನು ಯಾವ ಕಾಯಿದೆಯಡಿ ಹೋಗಿದೆ ಎಂಬುದನ್ನು. ಅಧಿಸೂಚನೆಯ ಮೇಲ್ಭಾಗದಲ್ಲೇ ಅದು ಅಚ್ಚಾಗಿರುತ್ತದೆ. ‘4(1)’ ಮತ್ತು ‘6(1)’ ಎಂದಿದ್ದರೆ 1894ರ ಹಳೆಯ ಭೂಸ್ವಾಧೀನ ಕಾಯಿದೆ. ‘11(1)’ ಮತ್ತು ‘19(1)’ ಎಂದಿದ್ದರೆ 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯಿದೆ. ‘28(1)’ ಮತ್ತು ‘28(4)’ ಎಂದಿದ್ದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗಾಗಿ (ಕೆಐಎಡಿಬಿ) ಆಗುವ ಸ್ವಾಧೀನ. ‘3ಎ’ ಮತ್ತು ‘3ಡಿ’ ಎಂದಿದ್ದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆ. ಅರ್ಜಿಯನ್ನು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು, ಲೆಕ್ಕ ಹೇಗೆ ಹಾಕಬೇಕು ಎಂಬುದೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ. ಹಳೆಯ ಕಾಯಿದೆಯಡಿ ಅಧಿಸೂಚನೆಯಾಗಿ 2014ರ ಜನವರಿ 1ರ ಹೊತ್ತಿಗೆ ಐತೀರ್ಪು ಆಗಿರದಿದ್ದರೆ, ಪರಿಹಾರದ ಮಟ್ಟಿಗೆ ಹೊಸ ಕಾಯಿದೆಯೇ ಅನ್ವಯಿಸುತ್ತದೆ ಎಂದು ಅದರ 24ನೇ ಕಲಂ ಹೇಳುತ್ತದೆ. ಹಳೆಯ ನಾಲೆ ಯೋಜನೆಗಳಲ್ಲಿ ಜಮೀನು ಕಳೆದುಕೊಂಡವರು ಐತೀರ್ಪಿನ ದಿನಾಂಕವನ್ನು ಈ ಕಾರಣಕ್ಕಾಗಿ ಖಚಿತಪಡಿಸಿಕೊಳ್ಳಬೇಕು.

ನೋಟಿಸ್ ಬಂದ ತಕ್ಷಣ ಪಹಣಿಯ ಬೆಳೆ ಕಾಲಂ ತೆಗೆದು ನೋಡಿ. ನೆಲದ ಮೇಲೆ ಕಬ್ಬೋ ಹಿಪ್ಪುನೇರಳೆಯೋ ಇದ್ದು ಪಹಣಿಯಲ್ಲಿ ರಾಗಿ ಎಂದೇ ಮುಂದುವರಿದಿರುವುದು, ಕೊಳವೆಬಾವಿಯ ನೀರಿನಿಂದ ವರ್ಷಗಟ್ಟಲೆ ಬಾಗಾಯ್ತು ಆಗಿರುವ ಜಮೀನು ಖುಷ್ಕಿಯೆಂದೇ ದಾಖಲಾಗಿರುವುದು ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ. ಅಧಿಕಾರಿ ದರ ಕಟ್ಟುವುದು ಈ ದಾಖಲೆಯ ಮೇಲೆ. ತಿದ್ದುಪಡಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ; ತಿದ್ದುಪಡಿ ಆಗದಿದ್ದರೂ ಆಗಲೇ ಕೇಳಿದ್ದಿರಿ ಎಂಬುದಕ್ಕೆ ಆ ಸ್ವೀಕೃತಿ ಮುಂದೆ ಸಾಕ್ಷಿಯಾಗುತ್ತದೆ. ಖರಾಬಿನ ವಿಷಯವನ್ನೂ ಆಗಲೇ ನೋಡಿಕೊಳ್ಳಬೇಕು: ‘ಬ’ ಖರಾಬು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು, ‘ಅ’ ಖರಾಬು ಸಾಗುವಳಿಗೆ ಬಾರದಿದ್ದರೂ ಹಿಡುವಳಿಗೆ ಸೇರಿದ್ದು; ಎರಡನ್ನೂ ಒಂದೇ ಎಂದು ಬಿಟ್ಟುಹಾಕಿದ್ದರೆ ‘ಅ’ ಖರಾಬಿನ ಗುಂಟೆಗಳಿಗೂ ಪರಿಹಾರ ಕೇಳಲೇಬೇಕು.

ಇನ್ನು ಜಂಟಿ ಅಳತೆಯ ದಿನ. ಸರ್ವೆಯರ್, ಯೋಜನೆಯ ಎಂಜಿನಿಯರ್ ಮತ್ತು ಭೂಸ್ವಾಧೀನ ಕಚೇರಿಯವರು ಒಟ್ಟಿಗೆ ಬಂದು ಅಳೆದು ಮಹಜರು ಬರೆಯುವ ಈ ದಿನ ಮನೆಯ ಹಿರಿಯರೊಬ್ಬರು ಜಮೀನಿನಲ್ಲಿ ಇರಲೇಬೇಕು. ಮಹಜರಿನಲ್ಲಿ ತೆಂಗಿನ ಮರದ ಸಂಖ್ಯೆ ಮಾತ್ರ ಬರೆದರೆ ಸಾಲದು, ಫಸಲು ಕೊಡುವ ಮರವೆಷ್ಟು, ಎಳೆಯ ಸಸಿಯೆಷ್ಟು ಎಂದು ಬೇರೆ ಬೇರೆಯಾಗಿ ಬರೆಸಬೇಕು. ಕೊಳವೆಬಾವಿಯ ಆಳ, ನೆಲದೊಳಗಿನ ಪೈಪ್‌ಲೈನ್, ಪಂಪ್‌ಸೆಟ್ ಮನೆ, ಕಲ್ಲುಕಂಬದ ಬೇಲಿ, ದನದ ಕೊಟ್ಟಿಗೆ ಒಂದನ್ನೂ ಬಿಡಬಾರದು. ಮರಗಳ ಬೆಲೆಯನ್ನು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಯವರು, ಕಟ್ಟಡದ ಬೆಲೆಯನ್ನು ಲೋಕೋಪಯೋಗಿ ಇಲಾಖೆಯವರು ಕಟ್ಟುತ್ತಾರಾದರೂ ಅವರ ಕೈಗೆ ಹೋಗುವುದು ಈ ಮಹಜರೇ. ಬರೆದದ್ದರಲ್ಲಿ ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ಆಕ್ಷೇಪಣೆ ಬರೆಯಿರಿ. ಜಮೀನಿನ ಫೋಟೊ, ವಿಡಿಯೊಗಳನ್ನು ತಾರೀಖು ಕಾಣುವಂತೆ ತೆಗೆದಿಡಿ. ನಾಲೆ ಅಥವಾ ರಸ್ತೆ ಜಮೀನನ್ನು ಎರಡಾಗಿ ಸೀಳಿ ಆಚೆ ಬದಿಯಲ್ಲಿ ಆರೇಳು ಗುಂಟೆಯ ತುಂಡು ಉಳಿದರೆ, ಅದಕ್ಕೆ ಹೋಗಲು ದಾರಿಯಿಲ್ಲ, ನೀರು ಹಾಯಿಸಲು ಬರುವುದಿಲ್ಲ ಎಂಬುದನ್ನು ನಕ್ಷೆಯಲ್ಲಿ ತೋರಿಸಿ ಮಹಜರಿನಲ್ಲಿ ಸೇರಿಸಿ. ಹೀಗೆ ಸೀಳಿದ್ದರಿಂದ ಉಳಿದ ಜಮೀನಿಗಾದ ನಷ್ಟಕ್ಕೂ ಪರಿಹಾರವಿದೆ. ಹಳೆಯ ಕಾಯಿದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಕೇಳದೆ ಬಿಡುವವರೇ ಹೆಚ್ಚು ಎಂಬುದು ನಿಜವಾಗಿ ನೋವಿನ ಸಂಗತಿ.

ಐತೀರ್ಪು ಬಂದ ಮೇಲೆ ಎರಡು ವಿಷಯದಲ್ಲಿ ಎಚ್ಚರ ತಪ್ಪಿದರೆ ಎಂಥ ಒಳ್ಳೆಯ ಪ್ರಕರಣವೂ ಬಾಗಿಲಲ್ಲೇ ಬಿದ್ದುಹೋಗುತ್ತದೆ.

ಒಂದು, ಹಣ ಪಡೆಯುವ ರೀತಿ. ಪರಿಹಾರದ ಹಣವನ್ನು ತೆಗೆದುಕೊಳ್ಳಬಾರದೆಂದೇನೂ ಇಲ್ಲ. ಆದರೆ ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ, ಹೆಚ್ಚಿನ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ’ ಎಂದು ರಸೀದಿಯ ಮೇಲೆ ಬರೆದು ಸಹಿ ಹಾಕಬೇಕು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವುದಾದರೆ ಅದೇ ಮಾತನ್ನು ಪತ್ರದಲ್ಲಿ ಬರೆದು ಕಚೇರಿಯ ಮುದ್ರೆಯೊಂದಿಗೆ ಸ್ವೀಕೃತಿ ಪಡೆಯಬೇಕು. ತಕರಾರಿಲ್ಲದೆ ಹಣ ಪಡೆದವನು ಕೋರ್ಟಿಗೆ ರೆಫರೆನ್ಸ್ (ದರದ ತಕರಾರನ್ನು ಕೋರ್ಟಿನ ತೀರ್ಮಾನಕ್ಕೆ ಕಳಿಸುವುದು) ಕೇಳುವಂತಿಲ್ಲ ಎಂದು ಎರಡೂ ಕಾಯಿದೆಗಳು ಹೇಳುತ್ತವೆ. ಇದಕ್ಕಿಂತ ಗಂಭೀರವಾದದ್ದು ಒಪ್ಪಿಗೆ ಪತ್ರ. ಕೆಐಎಡಿಬಿ ಸ್ವಾಧೀನದಲ್ಲಿ 29(2)ನೇ ಕಲಮಿನಡಿ ದರಕ್ಕೆ ಒಪ್ಪಿ ಸಹಿ ಮಾಡಿದರೆ ಅದು ಒಪ್ಪಿತ ಐತೀರ್ಪು, ಅದರ ಮೇಲೆ ಕೋರ್ಟಿನ ದಾರಿ ಮುಚ್ಚಿದಂತೆ. ಒಪ್ಪದವರಿಗೆ ಸಾಮಾನ್ಯ ಐತೀರ್ಪು ಆಗುತ್ತದೆ, ಅವರಿಗೆ ದಾರಿ ತೆರೆದಿರುತ್ತದೆ. ಒಪ್ಪಿತ ದರ ನಿಜಕ್ಕೂ ಒಳ್ಳೆಯದಾಗಿರುವ ಸಂದರ್ಭಗಳೂ ಉಂಟು, ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಖಾಲಿ ನಮೂನೆಗೆ, ಓದದ ಕಾಗದಕ್ಕೆ ಸಹಿ ಹಾಕಬೇಡಿ. ದರ, ವಿಸ್ತೀರ್ಣ, ಮರ-ಮಾಲ್ಕಿಗಳ ಬಾಬತ್ತು ಮೂರೂ ತುಂಬಿರುವ ಪ್ರತಿಯನ್ನು ಒಬ್ಬ ವಕೀಲರಿಗೆ ತೋರಿಸಿದ ಮೇಲಷ್ಟೇ ನಿರ್ಧರಿಸಿ.

ಎರಡು, ಗಡುವು. ಹಳೆಯ ಕಾಯಿದೆಯ ಪ್ರಕರಣದಲ್ಲಿ ಕರ್ನಾಟಕದ ತಿದ್ದುಪಡಿಯಂತೆ ಐತೀರ್ಪನ್ನು ತಿಳಿಸುವ 12(2)ರ ನೋಟಿಸ್ ಕೈಸೇರಿದ 90 ದಿನದೊಳಗೆ 18(1)ನೇ ಕಲಮಿನಡಿ ಅರ್ಜಿ ಕೊಡಬೇಕು. ಅರ್ಜಿ ತಲುಪಿದ 90 ದಿನದೊಳಗೆ ಅಧಿಕಾರಿ ಅದನ್ನು ಕೋರ್ಟಿಗೆ ಕಳಿಸಬೇಕು. ಕಳಿಸದಿದ್ದರೆ ನೀವೇ ಸಿವಿಲ್ ಕೋರ್ಟಿಗೆ ಹೋಗಿ, ಕಳಿಸುವಂತೆ ಆದೇಶ ಕೋರಬೇಕು. ಆ 90 ದಿನ ಮುಗಿದ ಮೇಲೆ ಮೂರು ವರ್ಷದೊಳಗೆ ಇದನ್ನು ಮಾಡದಿದ್ದರೆ ಹಕ್ಕೇ ಹೋಗುತ್ತದೆ. ಅರ್ಜಿ ಕೊಟ್ಟಾಯಿತು, ಇನ್ನು ಕಚೇರಿಯವರು ನೋಡಿಕೊಳ್ಳುತ್ತಾರೆ ಎಂದು ನಂಬಿ ಕುಳಿತು ಹಕ್ಕು ಕಳೆದುಕೊಂಡವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. 2013ರ ಕಾಯಿದೆಯಲ್ಲಿ ಗಡುವು ಇನ್ನೂ ಚಿಕ್ಕದು: ಐತೀರ್ಪಿನ ಹೊತ್ತಿಗೆ ನೀವು ಅಥವಾ ನಿಮ್ಮ ಪರವಾಗಿ ಒಬ್ಬರು ಹಾಜರಿದ್ದರೆ ಆರು ವಾರ. ಹಾಜರಿಲ್ಲದವರಿಗೆ ಲೆಕ್ಕ ಬೇರೆ ಇದ್ದರೂ ಐತೀರ್ಪಿನ ತಾರೀಖಿನಿಂದ ಆರು ತಿಂಗಳು ದಾಟುವಂತಿಲ್ಲ. ತಕ್ಕ ಕಾರಣವಿದ್ದರೆ ಇನ್ನೊಂದು ವರ್ಷದವರೆಗೆ ಅರ್ಜಿ ಸ್ವೀಕರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆಯಾದರೂ ಅದನ್ನು ನೆಚ್ಚಿಕೊಂಡು ಕೂರಬಾರದು. ನೋಟಿಸ್ ಬಂದ ಲಕೋಟೆಯನ್ನು ಅಂಚೆ ಮುದ್ರೆಯ ಸಮೇತ ಕಾಪಾಡಿ. ಐತೀರ್ಪಿನ ಮುಖ್ಯಾಂಶವೇ ಇಲ್ಲದ ಒಂದು ಸಾಲಿನ ನೋಟಿಸ್ ಬಂದಿದ್ದರೆ ಗಡುವಿನ ಲೆಕ್ಕ ಬದಲಾಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿರುವುದರಿಂದ ಆ ಲಕೋಟೆಯೇ ಕೆಲವೊಮ್ಮೆ ಪ್ರಕರಣವನ್ನು ಉಳಿಸುತ್ತದೆ.

ಹಳೆಯ ಕಾಯಿದೆಯ ರೆಫರೆನ್ಸ್ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ಎಲ್‌ಎಸಿ (ಭೂಸ್ವಾಧೀನ ಪ್ರಕರಣ) ಸಂಖ್ಯೆಯೊಂದಿಗೆ ದಾಖಲಾಗುತ್ತದೆ. ಹೊಸ ಕಾಯಿದೆಯದು ಅದರಡಿ ನೇಮಕವಾದ ಪ್ರಾಧಿಕಾರದ ಮುಂದೆ ಹೋಗುತ್ತದೆ. ಎರಡು ಕಡೆಯೂ ಎದ್ದು ನಿಲ್ಲುವ ಪ್ರಶ್ನೆ ಒಂದೇ: ಪ್ರಾಥಮಿಕ ಅಧಿಸೂಚನೆಯ ದಿನ ಆ ಜಮೀನಿನ ಮಾರುಕಟ್ಟೆ ಬೆಲೆ ಎಷ್ಟು? ಈಗ ಅಲ್ಲಿ ಸೈಟಿನ ಬೆಲೆ ಎಷ್ಟಾಗಿದೆ ಎಂಬ ಮಾತಿಗೆ ಇಲ್ಲಿ ತೂಕವಿಲ್ಲ.

ಬೆಲೆ ತೋರಿಸಲು ಅತ್ಯಂತ ಬಲವಾದ ಸಾಧನ ಕ್ರಯಪತ್ರ. ಉಪ ನೋಂದಣಾಧಿಕಾರಿ ಕಚೇರಿಯಿಂದ ನಿಮ್ಮ ಗ್ರಾಮ ಮತ್ತು ಅಕ್ಕಪಕ್ಕದ ಗ್ರಾಮಗಳಲ್ಲಿ ಅಧಿಸೂಚನೆಗೆ ಹಿಂದಿನ ಮೂರು ವರ್ಷ ನಡೆದ ಮಾರಾಟಗಳನ್ನು ಹುಡುಕಿ ದೃಢೀಕೃತ ನಕಲು ತೆಗೆಸಿ. ಅಧಿಸೂಚನೆಯ ನಂತರದ ಕ್ರಯಪತ್ರಗಳನ್ನು ನ್ಯಾಯಾಲಯ ಸಂಶಯದಿಂದ ನೋಡುತ್ತದೆ. ಹೊಸ ಕಾಯಿದೆಯ 26ನೇ ಕಲಂ ಒಂದು ಒಳ್ಳೆಯ ನಿಯಮ ಕೊಟ್ಟಿದೆ: ಸಿಕ್ಕ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ಆರಿಸಿ ಅವುಗಳ ಸರಾಸರಿ ಹಿಡಿಯಬೇಕು. ಎಕರೆಗೆ 12, 14, 15, 20, 22, 24 ಲಕ್ಷದ ಆರು ಕ್ರಯಪತ್ರಗಳಿದ್ದರೆ ಎಲ್ಲದರ ಸರಾಸರಿ 18 ಲಕ್ಷಕ್ಕೂ ಕಡಿಮೆ; ಮೇಲಿನ ಮೂರರ ಸರಾಸರಿ 22 ಲಕ್ಷ. ಐತೀರ್ಪಿನ ಪ್ರತಿಯಲ್ಲಿ ಅಧಿಕಾರಿ ಯಾವ ಕ್ರಯಪತ್ರಗಳನ್ನು ಕೈಬಿಟ್ಟಿದ್ದಾರೆ, ಏಕೆ ಕೈಬಿಟ್ಟಿದ್ದಾರೆ ಎಂದು ಒಂದೊಂದಾಗಿ ಪರಿಶೀಲಿಸಿದರೆ ನಿಮ್ಮ ವಾದದ ಅರ್ಧ ಭಾಗ ಅಲ್ಲೇ ಸಿಗುತ್ತದೆ. ಈ ಸರಾಸರಿ, ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆ ಮತ್ತು ಒಪ್ಪಿತ ದರ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನೇ ಆಧಾರವಾಗಿ ಹಿಡಿಯಬೇಕೆಂಬುದು ಕಾನೂನು.

ಕ್ರಯಪತ್ರ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಮಾರಾಟವಾದ ಜಮೀನೂ ನಿಮ್ಮದೂ ಒಂದೇ ತೆರನಾದವು ಎಂದು ತೋರಿಸಬೇಕು. ಗ್ರಾಮ ನಕ್ಷೆಯಲ್ಲಿ ಎರಡು ಸರ್ವೆ ನಂಬರುಗಳನ್ನೂ ಗುರುತಿಸಿ, ಮುಖ್ಯರಸ್ತೆಯಿಂದ, ಊರಿನಿಂದ, ನಾಲೆಯಿಂದ ಎಷ್ಟು ದೂರ ಎಂಬುದನ್ನು ಬರೆದು, ತರಿ ಖುಷ್ಕಿ ಬಾಗಾಯ್ತುಗಳ ವರ್ಗವನ್ನು ಹೋಲಿಸಿ ಕೊಡಬೇಕು. ನಾಲ್ಕೈದು ಗುಂಟೆಯ ತುಂಡಿನ ದರವನ್ನು ಎಕರೆಗಟ್ಟಲೆ ಜಮೀನಿಗೆ ಹಚ್ಚಿದರೆ ಕೋರ್ಟು ಅಭಿವೃದ್ಧಿ ವೆಚ್ಚವೆಂದು ಮೂರನೇ ಒಂದು ಭಾಗದಷ್ಟೋ ಇನ್ನೂ ಹೆಚ್ಚೋ ಕಡಿತ ಮಾಡುವ ಸಂಭವವಿದೆ. ಸಿಕ್ಕ ಕ್ರಯಪತ್ರ ಒಂದೆರಡು ವರ್ಷ ಹಳೆಯದಾದರೆ, ಹಳ್ಳಿಯ ಜಮೀನಿಗೆ ವರ್ಷಕ್ಕೆ ಶೇ. 5ರಿಂದ 7.5, ಪಟ್ಟಣದ ಆಸುಪಾಸಿಗೆ ಶೇ. 10ರಿಂದ 15ರ ಏರಿಕೆ ಸೇರಿಸಬಹುದು ಎಂಬ ಮಾನದಂಡವನ್ನು ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಕೊಟ್ಟಿದೆ.

ಹೋಲಿಕೆಗೆ ತಕ್ಕ ಮಾರಾಟವೇ ಸಿಗದ ಹಳ್ಳಿಗಳಲ್ಲಿ ಇಳುವರಿಯ ಲೆಕ್ಕ ನೆರವಿಗೆ ಬರುತ್ತದೆ. ಎಕರೆಯ ವಾರ್ಷಿಕ ಉತ್ಪತ್ತಿಯಲ್ಲಿ ಅರ್ಧವನ್ನು ಸಾಗುವಳಿ ಖರ್ಚೆಂದು ಕಳೆದು ಉಳಿದದ್ದನ್ನು ಹತ್ತರಿಂದ ಗುಣಿಸುವುದು ಕರ್ನಾಟಕದ ನ್ಯಾಯಾಲಯಗಳಲ್ಲಿ ರೂಢಿಯಲ್ಲಿರುವ ಕ್ರಮ. ಎಕರೆಗೆ 50 ಟನ್ ಕಬ್ಬು, ಟನ್ನಿಗೆ 3,000 ರೂಪಾಯಿ ಎಂದು ಸಾಬೀತಾದರೆ ಉತ್ಪತ್ತಿ 1,50,000, ಅದರಲ್ಲಿ ಅರ್ಧ 75,000, ಹತ್ತರಿಂದ ಗುಣಿಸಿದರೆ ಎಕರೆಗೆ 7,50,000. ಇಲ್ಲಿ ‘ಸಾಬೀತಾದರೆ’ ಎಂಬ ಮಾತೇ ಮುಖ್ಯ. ಸಕ್ಕರೆ ಕಾರ್ಖಾನೆಯ ಬಿಲ್ಲು, ಎಪಿಎಂಸಿಯ ದರಪಟ್ಟಿ, ಕೃಷಿ ಅಥವಾ ರೇಷ್ಮೆ ಇಲಾಖೆಯ ಇಳುವರಿ ಪ್ರಮಾಣಪತ್ರ, ಗೂಡಿನ ಮಾರುಕಟ್ಟೆಯ ಚೀಟಿ, ಸೊಸೈಟಿಯ ಬೆಳೆಸಾಲದ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ. ನೆನಪಿನಿಂದ ಹೇಳಿದ ಟನ್ನಿನ ಲೆಕ್ಕ ಪಾಟೀಸವಾಲಿನ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಮೂಲ ಬೆಲೆಯ ಮೇಲೆ ಬರುವ ಶಾಸನಬದ್ಧ ಮೊತ್ತಗಳನ್ನು ಪ್ರತಿಯೊಬ್ಬರೂ ಸ್ವತಃ ಲೆಕ್ಕ ಹಾಕಲು ಕಲಿಯಬೇಕು. ಹಳೆಯ ಕಾಯಿದೆಯಲ್ಲಿ ಬೆಲೆ 10 ಲಕ್ಷ ಎಂದು ತೀರ್ಮಾನವಾದರೆ ಶೇ. 30ರ ಸೊಲೇಷಿಯಂ (ಕಡ್ಡಾಯ ಸ್ವಾಧೀನಕ್ಕಾಗಿ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಮೊತ್ತ) 3 ಲಕ್ಷ. 4(1) ಅಧಿಸೂಚನೆಯಿಂದ ಐತೀರ್ಪು ಅಥವಾ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ ವರ್ಷಕ್ಕೆ ಶೇ. 12ರಂತೆ ಎರಡು ವರ್ಷಕ್ಕೆ 2.4 ಲಕ್ಷ, ಒಟ್ಟು 15.4 ಲಕ್ಷ. ಇದರಲ್ಲಿ ಈಗಾಗಲೇ ಬಂದದ್ದನ್ನು ಕಳೆದು ಉಳಿದ ಹೆಚ್ಚುವರಿಗೆ, ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ. ಸೊಲೇಷಿಯಂ ಮೇಲೂ ಬಡ್ಡಿ ಸಲ್ಲುತ್ತದೆ ಎಂದು 2001ರಲ್ಲಿ ಸಂವಿಧಾನ ಪೀಠ ಹೇಳಿದೆ. ಕಚೇರಿಯ ಲೆಕ್ಕಪಟ್ಟಿಯಲ್ಲಿ ಅದು ಬಿಟ್ಟುಹೋಗಿದೆಯೇ ನೋಡಿ. ಹೊಸ ಕಾಯಿದೆಯಲ್ಲಿ ಗ್ರಾಮಾಂತರದ ಜಮೀನಿಗೆ ಪಟ್ಟಣದಿಂದಿರುವ ದೂರವನ್ನು ಅನುಸರಿಸಿ ಒಂದರಿಂದ ಎರಡರವರೆಗಿನ ಗುಣಕವಿದೆ. ಗುಣಕ 1.5 ಆದರೆ 10 ಲಕ್ಷ 15 ಲಕ್ಷವಾಗಿ, ಶೇ. 100ರ ಸೊಲೇಷಿಯಂ ಸೇರಿ 30 ಲಕ್ಷವಾಗುತ್ತದೆ, ಶೇ. 12ರ ಬಾಬತ್ತು ಅದರ ಮೇಲೆ ಪ್ರತ್ಯೇಕ. ಗುಣಕದ ವಿಷಯದಲ್ಲಿ ಊರಿನ ದೂರವನ್ನು ಕಡಿಮೆ ಹಿಡಿದಿದ್ದರೆ ಅದೊಂದೇ ಕಾರಣಕ್ಕೆ ರೆಫರೆನ್ಸ್ ಕೇಳಬಹುದು.

ಹೆದ್ದಾರಿಗೆ ಜಮೀನು ಹೋದವರ ದಾರಿ ಬೇರೆ. ಇಲ್ಲಿ ಸಿವಿಲ್ ಕೋರ್ಟಿಗೆ ರೆಫರೆನ್ಸ್ ಇಲ್ಲ. ಸಕ್ಷಮ ಪ್ರಾಧಿಕಾರದ ದರ ಒಪ್ಪಿಗೆಯಾಗದಿದ್ದರೆ 3ಜಿ(5)ರಡಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಅವರು ಜಿಲ್ಲಾಧಿಕಾರಿಗಳೇ ಆಗಿರುತ್ತಾರೆ. ಅವರ ತೀರ್ಮಾನವನ್ನು 1996ರ ಮಧ್ಯಸ್ಥಿಕೆ ಕಾಯಿದೆಯ 34ನೇ ಕಲಮಿನಡಿ ಮೂರು ತಿಂಗಳೊಳಗೆ, ತಕ್ಕ ಕಾರಣವಿದ್ದರೆ ಮತ್ತೆ 30 ದಿನದೊಳಗೆ, ಜಿಲ್ಲಾ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದರೆ ಆ ನ್ಯಾಯಾಲಯ ದರ ಏರಿಸಿಕೊಡಲು ಬರುವುದಿಲ್ಲ, ತೀರ್ಮಾನವನ್ನು ರದ್ದು ಮಾಡಬಹುದಷ್ಟೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಸಂವಿಧಾನ ಪೀಠದ ತೀರ್ಪು ಮಾರ್ಪಾಡಿಗೆ ಸ್ವಲ್ಪ ಅವಕಾಶ ಬಿಟ್ಟಿದ್ದರೂ ಸಾಕ್ಷ್ಯವನ್ನು ಮತ್ತೆ ತೂಗಿ ಹೊಸ ದರ ಕಟ್ಟುವ ಅಧಿಕಾರ ಅದರಿಂದ ಬಂದಿಲ್ಲ. ಆದ್ದರಿಂದ ಕ್ರಯಪತ್ರ, ನಕ್ಷೆ, ಮಹಜರು ಎಲ್ಲವೂ ಜಿಲ್ಲಾಧಿಕಾರಿಗಳ ಮುಂದೆಯೇ ದಾಖಲಾಗಬೇಕು. ಹೆದ್ದಾರಿ ಸ್ವಾಧೀನಕ್ಕೆ ಸೊಲೇಷಿಯಂ ಇಲ್ಲವೆಂಬ ಹಳೆಯ ನಿಯಮವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು, ಅದನ್ನು ಮುಂದಿನ ಪ್ರಕರಣಗಳಿಗೆ ಮಾತ್ರ ಸೀಮಿತಗೊಳಿಸಬೇಕೆಂಬ ಕೋರಿಕೆಯನ್ನೂ 2025ರಲ್ಲಿ ತಿರಸ್ಕರಿಸಿದೆ.

ಕೆಐಎಡಿಬಿ ಪ್ರಕರಣಗಳಲ್ಲಿ ವಿಳಂಬವೇ ದೊಡ್ಡ ಕಷ್ಟ. ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಗಾಗಿ 2003ರಲ್ಲಿ ಅಧಿಸೂಚನೆಯಾದ ಜಮೀನಿಗೆ 2019ರವರೆಗೂ ಐತೀರ್ಪು ಆಗದಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ತನ್ನ ವಿಶೇಷಾಧಿಕಾರ ಬಳಸಿ 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯನ್ನೇ ಹಿಡಿಯುವಂತೆ ಆದೇಶಿಸಿತು. ಅದು ಸಂವಿಧಾನದ 142ನೇ ವಿಧಿಯ ಅಧಿಕಾರ, ತಾಲ್ಲೂಕು ಕೇಂದ್ರದ ನ್ಯಾಯಾಲಯಕ್ಕೆ ಇಲ್ಲದ್ದು. ಆದರೂ ಆಸ್ತಿಯ ಹಕ್ಕು 300ಎ ವಿಧಿಯ ಸಾಂವಿಧಾನಿಕ ಹಕ್ಕು, ಪರಿಹಾರವನ್ನು ವರ್ಷಾನುಗಟ್ಟಲೆ ತಡೆಹಿಡಿಯುವಂತಿಲ್ಲ ಎಂಬ ಆ ತೀರ್ಪಿನ ಮಾತು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವವರಿಗೆ ಬಲ ಕೊಡುತ್ತದೆ.

ಮನೆಯೊಳಗಿನ ತಕರಾರಿನಿಂದ ಹಣ ಸಿಕ್ಕಿಕೊಳ್ಳುವುದು ನಮ್ಮ ಕಡೆ ಸರ್ಕಾರದ ವಿಳಂಬದಷ್ಟೇ ಸಾಮಾನ್ಯ. ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಐತೀರ್ಪಿಗೆ ಮುಂಚೆಯೇ ಪೌತಿ ಖಾತೆ ಮಾಡಿಸಿ, ವಂಶವೃಕ್ಷ ಪಡೆದುಕೊಳ್ಳಿ. 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇರುವುದರಿಂದ ಅಕ್ಕತಂಗಿಯರನ್ನು ಬಿಟ್ಟು ಅರ್ಜಿ ಕೊಡುವುದು ತಪ್ಪು, ಕಾನೂನಿನಲ್ಲಿ ನಿಲ್ಲುವುದೂ ಇಲ್ಲ. ಪಾಲಿನ ವಿವಾದವಿದ್ದರೆ ಹಣ ಕೋರ್ಟಿಗೆ ಜಮೆಯಾಗುತ್ತದೆ. ಆಗಲೂ ದರ ಹೆಚ್ಚಿಸುವ ಅರ್ಜಿಯನ್ನು ಎಲ್ಲರೂ ಸೇರಿ ಗಡುವಿನೊಳಗೆ ಕೊಟ್ಟು, ಪಾಲಿನ ಮಾತನ್ನು ಆಮೇಲೆ ಬಗೆಹರಿಸಿಕೊಳ್ಳಬಹುದು.

ನೆರೆಯವರು ಗೆದ್ದ ತೀರ್ಪು, ಅರ್ಜಿಯನ್ನೇ ಕೊಡದಿದ್ದವರಿಗೂ ಉಪಯೋಗಕ್ಕೆ ಬರುತ್ತದೆ. ಒಂದೇ ಅಧಿಸೂಚನೆಯಡಿ ಜಮೀನು ಹೋದ ಒಬ್ಬರಿಗೆ ಕೋರ್ಟು ಹೆಚ್ಚು ಕೊಟ್ಟರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ಹಳೆಯ ಕಾಯಿದೆಯ 28ಎ ಅಥವಾ ಹೊಸದರ 73ನೇ ಕಲಮಿನಡಿ ಅದೇ ದರ ಕೋರಿ ಅರ್ಜಿ ಕೊಡಬಹುದು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ. ಹೀಗಾಗಿ ಊರಿನಲ್ಲಿ ಯಾರ ಎಲ್‌ಎಸಿ ಯಾವ ಹಂತದಲ್ಲಿದೆ ಎಂಬುದನ್ನು ತಿಳಿದಿರಬೇಕು, ಗೆದ್ದವರೂ ಉಳಿದವರಿಗೆ ಕೂಡಲೇ ತಿಳಿಸಬೇಕು. ಒಂದು ಎಚ್ಚರಿಕೆ: ಲೋಕ ಅದಾಲತ್‌ನಲ್ಲಿ ರಾಜಿಯಾದ ದರವನ್ನು ಹಿಡಿದು 28ಎ ಅರ್ಜಿ ಹಾಕಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ತೀರ್ಪು ಸಮಾಧಾನ ತರದಿದ್ದರೆ ಹೊಸ ಕಾಯಿದೆಯಡಿ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕು. ಹಳೆಯ ಕಾಯಿದೆಯ ಪ್ರಕರಣದ ಗಡುವನ್ನು ತೀರ್ಪು ಬಂದ ವಾರವೇ ವಕೀಲರ ಬಳಿ ಲೆಕ್ಕ ಹಾಕಿಸಿ. ಮೇಲ್ಮನವಿಯಲ್ಲಿ, ಸಿಕ್ಕ ಮೊತ್ತಕ್ಕೂ ಕೇಳುವ ಮೊತ್ತಕ್ಕೂ ಇರುವ ವ್ಯತ್ಯಾಸದ ಮೇಲೆ ಕೋರ್ಟ್ ಫೀ ಕಟ್ಟಬೇಕಾಗುವುದರಿಂದ ಸಾಕ್ಷ್ಯಕ್ಕೆ ಹೊಂದುವಷ್ಟನ್ನೇ ಕೇಳುವುದು ವಿವೇಕ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು.

ಗೆದ್ದ ಮೇಲೂ ಹಣ ತಾನಾಗಿ ಬರುವುದಿಲ್ಲ. ಇಲಾಖೆ ಜಮೆ ಮಾಡದಿದ್ದರೆ ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ಹಾಕಿ, ಅದರೊಂದಿಗೆ ಮೂಲ ಬೆಲೆ, ಸೊಲೇಷಿಯಂ, ಶೇ. 12ರ ಬಾಬತ್ತು ಮತ್ತು ಬಡ್ಡಿಯನ್ನು ತಾರೀಖುವಾರು ತೋರಿಸುವ ಲೆಕ್ಕಪಟ್ಟಿ ಕೊಡಿ. ಇಲಾಖೆ ಮೇಲ್ಮನವಿ ಹಾಕಿ ತಡೆಯಾಜ್ಞೆ ಕೇಳಿದರೆ ಮೊತ್ತದ ಒಂದು ಭಾಗವನ್ನು ಠೇವಣಿ ಇಡುವಂತೆ ಷರತ್ತು ಕೋರಿ, ಅದನ್ನು ಪಡೆದುಕೊಳ್ಳಲು ಕೂಡಲೇ ಅರ್ಜಿ ಹಾಕಿ. ಕಂತಿನಲ್ಲಿ ಹಣ ಬಂದಾಗ ಪ್ರತಿ ಕಂತು ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು ಜಮೆಯಾಯಿತು ಎಂದು ಬರೆದಿಡಿ. ಕೊನೆಯ ಕಂತಿನ ದಿನ ಇಲಾಖೆಯ ಪಟ್ಟಿಗೂ ನಿಮ್ಮ ಪಟ್ಟಿಗೂ ವ್ಯತ್ಯಾಸ ಕಂಡರೆ ಪೂರ್ಣ ಪಾವತಿಯ ಮೆಮೊಗೆ ಸಹಿ ಮಾಡುವ ಮುನ್ನವೇ ಅದನ್ನು ನ್ಯಾಯಾಧೀಶರ ಗಮನಕ್ಕೆ ತರಬೇಕು.